ನಾರುಹುಣ್ಣಿನ ಬೆನ್ನು ಹತ್ತಿ ಬಾವಿಗೆ ಇಳಿದ ಮೂರ್ತಿ

‘ನಾರುಹುಣ್ಣು ಗೊತ್ತೇನ್ರಿ?’ ಅಂತ ನಿಮ್ಮ ಮನೆಯ ಅಜ್ಜ-ಅಜ್ಜಿಯನ್ನು ಒಮ್ಮೆ ಕೇಳಿ ನೋಡಿ. ಎಪ್ಪತ್ತು ದಾಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಲಿನ ಹುಣ್ಣಿನಿಂದ ನೂಲಿನಂಥ ಬಿಳಿ ಹುಳ ಇಣುಕಿದ್ದು, ಅದನ್ನು ಕಡ್ಡಿಗೆ ಸುತ್ತಿ ಸುತ್ತಿ ತೆಗೆದದ್ದು, ಬಿತ್ತುವ ಹೊತ್ತಿಗೆ ಮನೆಯ ಗಂಡಾಳು ಹಾಸಿಗೆ ಹಿಡಿದದ್ದು, ಎಲ್ಲವೂ ಅವರ ನೆನಪಿನಲ್ಲಿದೆ. ಅದೇ ಪ್ರಶ್ನೆಯನ್ನು ಇಪ್ಪತ್ತರ ಹುಡುಗರಿಗೆ ಕೇಳಿ. ‘ಅದೇನು ಸರ್, ಬೆಳೆ ರೋಗಾನಾ?’ ಅಂತಾರೆ.

ಈ ರೋಗದ ಮಾತು ಈಗ ಯಾಕೆ ಬಂತು ಅಂದರೆ, ನಮ್ಮ ಸುತ್ತ ನೀರು ಮತ್ತೆ ಕಾಣಿಸುತ್ತಿದೆ. ವಿಜಯಪುರ ನಗರದ ಹಳೆಯ ಬಾವಡಿಗಳ ಹೂಳನ್ನು ಕೆಲ ವರ್ಷಗಳ ಹಿಂದೆ ತೆಗೆದರು. 1620ರ ತಾಜ್ ಬಾವಡಿ ಕಸದ ಗುಂಡಿಯಾಗಿದ್ದದ್ದು ಮತ್ತೆ ಬಾವಿಯ ರೂಪಕ್ಕೆ ಬಂತು. ತಿಕೋಟಾ, ಬಬಲೇಶ್ವರ ಭಾಗಕ್ಕೆ ಏತ ನೀರಾವರಿಯಿಂದ ಕೃಷ್ಣೆ ಹತ್ತಿ ಬಂದಳು, ಒಣಗಿದ ಕೆರೆಗಳು ತುಂಬಿದವು. ಖುಷಿ ಸರಿ. ಆದರೆ ಮೆಟ್ಟಿಲು ಬಾವಿಯ ನೀರು ಕುಡಿದು ಬೆಳೆದ ತಲೆಮಾರಿಗೆ ಒಂದು ಅನುಮಾನ ಬಂದರೆ ಅದನ್ನು ತಪ್ಪು ಅನ್ನಲಾಗದು: ಬಾವಿ-ಕೆರೆ ತಿರುಗಿ ಬಂದವು, ನಾರೂ ತಿರುಗಿ ಬಂದರೆ?

ಉತ್ತರ ಕೊಡುವ ಮೊದಲು ಒಬ್ಬ ಮನುಷ್ಯನ ಕಥೆ ಹೇಳಬೇಕು. ಹೆಸರು ವಿ.ಎನ್. ಮೂರ್ತಿ. 1930ರ ದಶಕದಲ್ಲಿ ಚಿತ್ರದುರ್ಗ ಜಿಲ್ಲೆಯ ಮೆಟ್ಟಿಲು ಬಾವಿಗಳ ನೀರಿನಲ್ಲಿ ಈ ಹುಳದ ಜಾಡು ಹುಡುಕಿದವರು. ನಾರುಹುಣ್ಣಿನ ಬಗ್ಗೆ ಬರೆಯುವ ಪ್ರಪಂಚದ ತಜ್ಞರು ಇವತ್ತಿಗೂ ಅವರ ಹೆಸರು ಬರೆಯುತ್ತಾರೆ. ನಮ್ಮ ಯಾವ ಊರಿನ ರಸ್ತೆಗೂ, ಆಸ್ಪತ್ರೆಗೂ ಆ ಹೆಸರು ಇಟ್ಟಿದ್ದನ್ನು ನಾನು ನೋಡಿಲ್ಲ.

ಮೊದಲು ಹುಳದ ಆಟ ತಿಳಿದುಕೊಳ್ಳೋಣ. ಅದು ತಿಳಿಯದೆ ಮೂರ್ತಿಯವರು ಮಾಡಿದ್ದೇನು ಅನ್ನುವುದು ಅರ್ಥವಾಗದು.

ಬಾವಿಯ ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಅನ್ನುವ ಒಂದು ಜೀವಿ ಇರುತ್ತದೆ. ಗಸಗಸೆ ಕಾಳಿನಷ್ಟು ಗಾತ್ರ, ನೀರಿನಲ್ಲಿ ಟಪ್ ಟಪ್ ಅಂತ ಜಿಗಿಯುತ್ತದೆ. ನಾರು ಹುಳದ ಮರಿ ಈ ಸೈಕ್ಲಾಪ್ಸ್‌ನ ಹೊಟ್ಟೆ ಸೇರುತ್ತದೆ. ಸುಮಾರು ಎರಡು ವಾರ ಅಲ್ಲಿದ್ದು ಬಲಿಯುತ್ತದೆ. ಆ ನೀರನ್ನು ನಾವು ಸೋಸದೆ ಕುಡಿದರೆ ನಮ್ಮ ಜಠರದ ಹುಳಿಗೆ ಸೈಕ್ಲಾಪ್ಸ್ ಸಾಯುತ್ತದೆ, ಒಳಗಿದ್ದ ಮರಿ ಸಾಯುವುದಿಲ್ಲ. ಕರುಳು ಕೊರೆದು ಮೈಯೊಳಗೆ ಹೋಗುತ್ತದೆ. ಗಂಡು ಹುಳ ಹೆಣ್ಣಿನೊಡನೆ ಕೂಡಿದ ಮೇಲೆ ಸಾಯುತ್ತದೆ. ಹೆಣ್ಣು ಮಾತ್ರ ಚರ್ಮದ ಕೆಳಗೆ ಬೆಳೆಯುತ್ತಾ ಬೆಳೆಯುತ್ತಾ ಎರಡು-ಮೂರು ಅಡಿ ಉದ್ದವಾಗುತ್ತದೆ. ಇಷ್ಟಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ಆ ವರ್ಷವಿಡೀ ನಿಮಗೆ ಏನೂ ಗೊತ್ತಾಗುವುದಿಲ್ಲ.

ಆಮೇಲೆ ಒಂದು ದಿನ ಪಾದದ ಹತ್ತಿರ ಬೊಬ್ಬೆ ಏಳುತ್ತದೆ. ಬೆಂಕಿ ಇಟ್ಟ ಹಾಗೆ ಉರಿ. ಉರಿ ತಾಳಲಾರದೆ ಮನುಷ್ಯ ಏನು ಮಾಡುತ್ತಾನೆ? ತಣ್ಣೀರಿನಲ್ಲಿ ಕಾಲಿಡುತ್ತಾನೆ. ಹುಳಕ್ಕೆ ಬೇಕಾಗಿದ್ದೂ ಅದೇ. ನೀರು ತಾಕಿದ ಕೂಡಲೇ ಬೊಬ್ಬೆ ಒಡೆದು ಹುಳ ಲಕ್ಷಗಟ್ಟಲೆ ಮರಿ ಬಿಡುತ್ತದೆ. ಮರಿಗಳನ್ನು ಸೈಕ್ಲಾಪ್ಸ್ ತಿನ್ನುತ್ತದೆ. ಮರುದಿನ ಊರೆಲ್ಲಾ ಅದೇ ಬಾವಿಗೆ ಕೊಡ ತರುತ್ತದೆ.

ಮೆಟ್ಟಿಲು ಬಾವಿ ಈ ಆಟಕ್ಕೆ ಹೇಳಿ ಮಾಡಿಸಿದ ಜಾಗ. ಹಗ್ಗ-ಕೊಡದ ಸೇದುವ ಬಾವಿಯಲ್ಲಿ ಕಾಲು ನೀರಿಗೆ ತಾಕುವುದಿಲ್ಲ. ಮೆಟ್ಟಿಲು ಬಾವಿಯಲ್ಲಿ ಇಳಿದು, ಕೊನೇ ಮೆಟ್ಟಿಲ ಮೇಲೆ ಮೀನಗಂಡ ಮುಳುಗುವ ತನಕ ನಿಂತು, ಬಗ್ಗಿ ಕೊಡ ತುಂಬುವುದು. ಬೇಸಿಗೆಯಲ್ಲಿ ನೀರು ತಳ ಹಿಡಿದಾಗ ಅಪಾಯ ಹೆಚ್ಚು: ನೀರು ಕಡಿಮೆ, ಸೈಕ್ಲಾಪ್ಸ್ ದಟ್ಟ, ಇಳಿಯುವ ಕಾಲು ಅಷ್ಟೇ. ಆ ಬೇಸಿಗೆ ಕುಡಿದ ಹುಳ ಮುಂದಿನ ಬೇಸಿಗೆಗೆ, ಮುಂಗಾರಿಗೆ ಹೊರಬೀಳುತ್ತದೆ. ರೈತನಿಗೆ ಕಾಲು ಬೇಕಾದ ಹೊತ್ತಿಗೇ ಕಾಲು ಇಲ್ಲ. ಈ ರೋಗಕ್ಕೆ ಅವತ್ತೂ ಔಷಧಿ ಇರಲಿಲ್ಲ, ಇವತ್ತೂ ಇಲ್ಲ. ಲಸಿಕೆ ಇಲ್ಲ. ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಅನ್ನುವ ಭರವಸೆಯೂ ಇಲ್ಲ. ಕಡ್ಡಿಗೆ ದಿನಕ್ಕೆ ಒಂದೆರಡು ಇಂಚು ಸುತ್ತುತ್ತಾ ಹೋಗುವುದು. ಹುಳ ಹರಿದರೆ ಒಳಗೇ ಕೀವು, ಬಾವು.

ಸೈಕ್ಲಾಪ್ಸ್‌ನ ಗುಟ್ಟನ್ನು ಮೊದಲು ಕಂಡುಹಿಡಿದವನು ಒಬ್ಬ ರಷ್ಯನ್. ಅವನ ಬದುಕು ಒಂದು ಸಿನಿಮಾಕ್ಕೆ ಸಾಕು. ಅಲೆಕ್ಸೇ ಫೆಡ್ಚೆಂಕೊ, 1844ರಲ್ಲಿ ಸೈಬೀರಿಯದ ಇರ್ಕುಟ್ಸ್ಕ್‌ನಲ್ಲಿ ಹುಟ್ಟಿದವನು. ರಷ್ಯಾ ಆಗಷ್ಟೇ ಗೆದ್ದಿದ್ದ ತುರ್ಕಿಸ್ತಾನಕ್ಕೆ ಹೆಂಡತಿ ಓಲ್ಗಾಳನ್ನು ಕರೆದುಕೊಂಡು ಹೊರಟ. ಆಕೆ ಸಸ್ಯಶಾಸ್ತ್ರಜ್ಞೆ, ಚಿತ್ರವನ್ನೂ ಬರೆಯುತ್ತಿದ್ದಳು. ಇಬ್ಬರೂ ಸೇರಿ ಮರುಭೂಮಿ, ಬೆಟ್ಟ, ಕಣಿವೆ ಅಲೆದು ಗಿಡ, ಕೀಟ, ಹುಳ ಎಲ್ಲಾ ಸಂಗ್ರಹ ಮಾಡಿದರು. 1870ರಲ್ಲಿ ಸಮರ್‌ಕಂದದಲ್ಲಿ ಅವನು ನಾರು ಹುಳದ ಮರಿಗಳನ್ನು ಸೈಕ್ಲಾಪ್ಸ್ ಇರುವ ನೀರಿಗೆ ಬಿಟ್ಟು ಲೆನ್ಸ್ ಕೆಳಗೆ ನೋಡಿದ. ಮರಿ ಅದರ ಮೈಯೊಳಗೆ ಸೇರಿ ಬೆಳೆಯುವುದು ಕಂಡಿತು. ಮೂರು ವರ್ಷಕ್ಕೆ, ಯೂರೋಪಿನ ಮಾಂಟ್ ಬ್ಲಾಂಕ್ ಪರ್ವತದ ಹಿಮದಲ್ಲಿ ಸತ್ತುಹೋದ. ವಯಸ್ಸು ಇಪ್ಪತ್ತೊಂಬತ್ತು. ಉಳಿದ ಕಾಗದಗಳನ್ನು ಒಪ್ಪ ಮಾಡಿ ಪ್ರಕಟಿಸಿದವಳು ಓಲ್ಗಾ. ಪಾಮೀರ್ ಬೆಟ್ಟಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಹಿಮನದಿಗೆ ಮುಂದೆ ಫೆಡ್ಚೆಂಕೊನ ಹೆಸರಿಟ್ಟರು.

ಆ ಸೀಮೆಯ ಜನ ಈ ಹುಳಕ್ಕೆ ಇಟ್ಟ ಹೆಸರು ‘ರಿಷ್ತಾ’. ಪಾರ್ಸಿಯಲ್ಲಿ ನೂಲು, ದಾರ ಅಂತ ಅರ್ಥ. ನಾವು ನಾರು ಅಂದೆವು. ಆದಿಲ್‌ಶಾಹಿ ಕಾಲದ ವಿಜಯಪುರದ ದರ್ಬಾರಿನಲ್ಲಿ ಪಾರ್ಸಿ ನಡೆಯುತ್ತಿತ್ತು, ಬಜಾರಿನಲ್ಲಿ ಕನ್ನಡ. ಎರಡು ಭಾಷೆಯವರೂ ಅದೇ ಹುಳ ನೋಡಿ ಅದೇ ಹೋಲಿಕೆ ಕೊಟ್ಟಿದ್ದಾರೆ. ಬುಖಾರಾ ಪಟ್ಟಣದಲ್ಲೂ ಕಲ್ಲಿನ ಮೆಟ್ಟಿಲಿನ ಹೌಜುಗಳಿದ್ದವು, ನೀರಿನವರು ಇಳಿದು ಚರ್ಮದ ಚೀಲ ತುಂಬಿ ಮನೆ ಮನೆಗೆ ಕೊಡುತ್ತಿದ್ದರು. ನಾರು ಅಲ್ಲೂ ಮನೆ ಮನೆಯ ರೋಗ. 1920ರ ದಶಕದಲ್ಲಿ ಲಿಯೊನಿದ್ ಇಸಾಯೆವ್ ಅನ್ನುವ ವೈದ್ಯ ಹಟಕ್ಕೆ ಬಿದ್ದು ಆ ಹೌಜುಗಳ ನೀರು ಬಸಿದು, ರೋಗಿಗಳನ್ನು ಹುಡುಕಿ ಹುಡುಕಿ ಹುಳ ತೆಗೆಸಿ, ನಲ್ಲಿ ನೀರು ಬರುವಂತೆ ನೋಡಿಕೊಂಡ. 1930ರ ದಶಕದ ಶುರುವಿಗೆ ಬುಖಾರಾದಲ್ಲಿ ನಾರು ಮುಗಿದಿತ್ತು. ಮದ್ದಿಲ್ಲದ ರೋಗವನ್ನೂ ಬರೀ ನೀರಿನ ಕಡೆಯಿಂದ ಹಿಡಿದು ಮುಗಿಸಬಹುದು ಅಂತ ಆಗಲೇ ತೋರಿಸಿ ಆಗಿತ್ತು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ಮೂರ್ತಿ ಕೆಲಸ ಶುರು ಮಾಡಿದರು.

ಮೈಸೂರು ಸಂಸ್ಥಾನ ಆಗ ಆರೋಗ್ಯದ ವಿಷಯದಲ್ಲಿ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ನೆರವು ತೆಗೆದುಕೊಂಡಿತ್ತು. ಫೌಂಡೇಶನ್ನಿನ ಡಬ್ಲ್ಯು.ಸಿ. ಸ್ವೀಟ್ ಅನ್ನುವ ವೈದ್ಯ ಸಂಸ್ಥಾನದಲ್ಲಿದ್ದ. ಮಲೇರಿಯಾ, ಕೊಕ್ಕೆಹುಳ, ನಾರು: ಮಣ್ಣು-ನೀರಿನಿಂದ ಬರುವ ರೋಗಗಳ ಲೆಕ್ಕ ಹಿಡಿಯುವ ಕೆಲಸ ಹೊಸದಾಗಿ ಶುರುವಾಗಿತ್ತು. ನಾರಿನ ಕೆಲಸಕ್ಕೆ ಆರಿಸಿಕೊಂಡ ಜಾಗ ಚಿತ್ರದುರ್ಗ. ನಮ್ಮ ಹಾಗೇ ಮಳೆ ಕಡಿಮೆಯ ಬಯಲು ಸೀಮೆ, ನಮ್ಮ ಹಾಗೇ ಮೆಟ್ಟಿಲು ಬಾವಿಯ ಊರುಗಳು. ಮೂರ್ತಿಯವರು ಅಲ್ಲಿನ ನಾರುಹುಣ್ಣಿನ ಬಗ್ಗೆ 1932ರಲ್ಲಿ ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ಬರೆದರು. ಮುಂದಿನ ಆರು ವರ್ಷ ಒಂದಾದ ಮೇಲೆ ಒಂದು ಬರಹ ಬಂದವು, ಕೆಲವು ಸ್ವೀಟ್ ಜೊತೆ ಸೇರಿ, ಕೆಲವು ಒಬ್ಬರೇ.

ಇದೇನು ಸಾಹಸ ಅಂತ ನಿಮಗೆ ಅನ್ನಿಸಬಹುದು. ಫೆಡ್ಚೆಂಕೊ ಹಿಮದ ಬೆಟ್ಟ ಹತ್ತಿದ, ಇವರು ಬಾವಿ ಇಳಿದರು. ನನ್ನ ಕೇಳಿದರೆ ಬಾವಿ ಇಳಿಯುವುದೇ ಕಷ್ಟ. ಕೆಲಸ ಎಂಥದು ನೋಡಿ. ಬಾವಿಯ ನೀರು ತಂದು ಅದರೊಳಗಿನ ಸೈಕ್ಲಾಪ್ಸ್‌ಗಳನ್ನು ಒಂದೊಂದಾಗಿ ಬೇರೆ ಮಾಡಬೇಕು. ಒಂದೊಂದನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ಹೊಟ್ಟೆಯಲ್ಲಿ ಮರಿ ಇದೆಯೋ ಇಲ್ಲವೋ ನೋಡಬೇಕು. ರೋಗಿಯ ಕಾಲಿನಿಂದ ಬಂದ ಮರಿಗಳನ್ನು ಹಿಡಿದು ಬಟ್ಟಲಿನ ಸೈಕ್ಲಾಪ್ಸ್‌ಗೆ ತಿನ್ನಿಸಿ, ದಿನಾ ನೋಡಿ, ಎಷ್ಟನೇ ದಿನ ಪೊರೆ ಕಳಚಿತು, ಎಷ್ಟನೇ ದಿನ ಬಲಿಯಿತು ಅಂತ ಬರೆಯಬೇಕು. ಸೈಕ್ಲಾಪ್ಸ್ ನಡುವೆ ಸತ್ತರೆ ಮತ್ತೆ ಮೊದಲಿನಿಂದ. ಮೂರ್ತಿಯವರು 1938ರಲ್ಲಿ ಪ್ರಕಟಿಸಿದ, ಸೈಕ್ಲಾಪ್ಸ್‌ನೊಳಗೆ ಮರಿ ಬೆಳೆಯುವ ವಿವರ ಎಷ್ಟು ಕರಾರುವಾಕ್ಕಾಗಿತ್ತೆಂದರೆ ದಶಕಗಳ ಕಾಲ ಹುಳದ ಪಂಡಿತರು ಅದನ್ನೇ ಆಧಾರವಾಗಿ ಹಿಡಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1936ರ ಬರಹ. ಅದರಲ್ಲಿ ಮೂರ್ತಿ ಮತ್ತು ಸ್ವೀಟ್ ಹೇಳಿದ ಉಪಾಯ ಮೀನು. ಬಾರ್ಬಸ್ ಗುಂಪಿನ ಸಣ್ಣ ಮೀನುಗಳನ್ನು ಬಾವಿಗೆ ಬಿಡಿ, ಅವು ಸೈಕ್ಲಾಪ್ಸ್ ತಿನ್ನುತ್ತವೆ, ಹುಳಕ್ಕೆ ಬಂಡಿ ಇಲ್ಲದಂತಾಗುತ್ತದೆ. ಈ ಉಪಾಯದ ಹಿಂದಿನ ತಿಳಿವಳಿಕೆ ನೋಡಿ. ಕುಡಿಯುವ ನೀರಿಗೆ ಸರಕಾರದವರು ಬಂದು ಔಷಧಿ ಸುರಿದರೆ ಊರು ಒಪ್ಪುವುದು ಸುಲಭವಲ್ಲ. ಬಾವಿಯಲ್ಲಿ ಮೀನು ಇದ್ದರೆ ಯಾರಿಗೂ ತಕರಾರಿಲ್ಲ, ಎಷ್ಟೋ ಕಡೆ ಬಾವಿಯ ಮೀನು ದೇವರ ಮೀನು. ದುಡ್ಡು ಬೇಡ, ಯಂತ್ರ ಬೇಡ. ಒಂದೇ ಕಷ್ಟ, ಬರಗಾಲದಲ್ಲಿ ಬಾವಿ ಬತ್ತಿದರೆ ಮೀನೂ ಹೋಯಿತು. ನಮ್ಮ ಸೀಮೆಯಲ್ಲಿ ಆ ಕಷ್ಟ ಸಣ್ಣದಲ್ಲ.

ಇಷ್ಟೆಲ್ಲ ಆಗಿ ಗೊತ್ತಾದ ಮೇಲೆ ಚಿತ್ರದುರ್ಗದ ತಿಳಿವಳಿಕೆ ವಿಜಯಪುರಕ್ಕೆ ಬರಲು ಎಷ್ಟು ದಿನ ಬೇಕು? ದಾರಿ ದೂರವೇನಿಲ್ಲ. ಆದರೆ ಅವತ್ತು ಚಿತ್ರದುರ್ಗ ಮೈಸೂರು ಮಹಾರಾಜರ ಸಂಸ್ಥಾನ, ಬಿಜಾಪುರ ಮುಂಬಯಿ ಪ್ರಾಂತ. ನಡುವೆ ಗಡಿ. ಅಲ್ಲಿನ ಇಲಾಖೆ ಬೇರೆ, ಇಲ್ಲಿನ ಇಲಾಖೆ ಬೇರೆ. 1956ರಲ್ಲಿ ರಾಜ್ಯ ಒಂದಾಯಿತು. ಆಮೇಲೂ ಮೆಟ್ಟಿಲು ಬಾವಿಗಳು ಹಾಗೇ ಇದ್ದವು. ಅವಿಭಜಿತ ಬಿಜಾಪುರ, ಗುಲಬರ್ಗಾ, ರಾಯಚೂರು ಕಡೆಯ ಹಳ್ಳಿಗಳಲ್ಲಿ ನಾರು ಮುಂದುವರಿಯಿತು. ದೇಶದ ಮಟ್ಟದಲ್ಲಿ ನಾರುಹುಣ್ಣು ನಿರ್ಮೂಲನೆಯ ಕಾರ್ಯಕ್ರಮ ಶುರುವಾದದ್ದು 1983-84ರಲ್ಲಿ. ಮೀನಿನ ಬರಹ ಬಂದು ಆಗ ನಲವತ್ತೇಳು ವರ್ಷ.

ಯಾಕೆ ಇಷ್ಟು ತಡ? ಗಡಿಯೊಂದೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಪ್ಲೇಗ್ ಬಂದಾಗ ಸರಕಾರಗಳು ಓಡಾಡಿದವು, ಕಾಲರಾ ಬಂದಾಗ ಓಡಾಡಿದವು. ಅವು ಸಾಯಿಸುತ್ತಿದ್ದವು, ಮೇಲಾಗಿ ಪೇಟೆಗೂ ಸಾಹೇಬರ ಬಂಗಲೆಗೂ ನುಗ್ಗುತ್ತಿದ್ದವು. ನಾರು ಸಾಯಿಸುವುದು ಅಪರೂಪ. ಎರಡು-ಮೂರು ತಿಂಗಳು ಮಲಗಿಸುತ್ತದೆ, ಅಷ್ಟೇ. ಮಲಗುವವನು ಹೊಲದ ಕೂಲಿ, ಸಣ್ಣ ರೈತ, ನೀರು ಹೊರುವ ಹೆಂಗಸು. ಸತ್ತವರ ರಿಜಿಸ್ಟರಿನಲ್ಲಿ ಬಾರದ ರೋಗ ಕಚೇರಿಯ ಕಣ್ಣಿಗೆ ಬೀಳುವುದಿಲ್ಲ.

1980ರ ದಶಕದಲ್ಲಿ ಮಾತ್ರ ಕೆಲಸ ಗಟ್ಟಿಯಾಗಿ ನಡೆಯಿತು, ಅದನ್ನು ಹೇಳದಿದ್ದರೆ ಅನ್ಯಾಯ. 1984ರಲ್ಲಿ ಏಳು ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸುಮಾರು 40 ಸಾವಿರ ರೋಗಿಗಳ ಲೆಕ್ಕ ಸಿಕ್ಕಿತು. ಏಳರಲ್ಲಿ ಕರ್ನಾಟಕವೂ ಒಂದು. ಸಿಡುಬನ್ನು ಓಡಿಸಿದ ಅನುಭವ ಇಲಾಖೆಗಿತ್ತು. ಅದೇ ರೀತಿ ವರ್ಷಕ್ಕೆ ಮೂರು ಸಲ ಮನೆ ಮನೆ ಹುಡುಕಾಟ. ಆರೋಗ್ಯ ಸಹಾಯಕರು ಹುಣ್ಣಿನ ಚಿತ್ರ ಹಿಡಿದು ‘ಇಂಥದು ಯಾರಿಗಾದರೂ ಇದೆಯಾ’ ಅಂತ ಕೇಳುತ್ತಾ ಹೋದರು. ರೋಗಿಯ ಹುಣ್ಣಿಗೆ ಪಟ್ಟಿ ಕಟ್ಟಿ, ನೀರಿಗೆ ಇಳಿಯಬೇಡ ಅಂತ ಹೇಳುವುದು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸುವುದು. ಬಾವಿಗೆ ಟೆಮಿಫಾಸ್ ಅನ್ನುವ ಔಷಧಿಯನ್ನು ಅಳತೆ ಪ್ರಕಾರ ಹಾಕಿ ಸೈಕ್ಲಾಪ್ಸ್ ಕೊಲ್ಲುವುದು. ಮೆಟ್ಟಿಲು ಮುಚ್ಚಿ, ಕಟ್ಟೆ ಎತ್ತರಿಸಿ, ಗಾಲಿ ಹಾಕಿ ಸೇದುವ ಬಾವಿ ಮಾಡುವುದು. ಎಲ್ಲಕ್ಕಿಂತ ದೊಡ್ಡದಾಗಿ, ಬೋರ್ ಕೊರೆದು ಕೈಪಂಪು ನಿಲ್ಲಿಸುವುದು.

ಕೈಪಂಪಿನ ಬಗ್ಗೆ ಇನ್ನೊಂದು ಮಾತು. ಮೆಟ್ಟಿಲು ಬಾವಿಯಲ್ಲಿ ಯಾರು ಇಳಿಯಬೇಕು, ಯಾರು ಮೇಲೆ ನಿಂತು ಯಾರಾದರೂ ಹೊಯ್ದಾರು ಅಂತ ಕಾಯಬೇಕು ಅನ್ನುವುದು ಜಾತಿಯ ಮೇಲೆ ನಿಂತಿತ್ತು. ಊರ ಬಾವಿ ಇಲ್ಲದ ಕೇರಿಯವರು ಹಳ್ಳದ ಒರತೆಗೆ, ದನ ಇಳಿಯುವ ಹೊಂಡಕ್ಕೆ ಹೋಗುತ್ತಿದ್ದರು. ಅಲ್ಲೂ ಸೈಕ್ಲಾಪ್ಸ್ ಇದ್ದವು. ಕೇರಿಯೊಳಗೇ ಕೈಪಂಪು ಬಂದಾಗ ನಾರು ಹೋದದ್ದರ ಜೊತೆಗೆ, ಕೊಡ ಹಿಡಿದು ಕಾಯುವ ಅವಮಾನವೂ ಅಷ್ಟರ ಮಟ್ಟಿಗೆ ಕಡಿಮೆಯಾಯಿತು. ಪೂರ್ತಿ ಹೋಯಿತು ಅಂತ ನಾನು ಹೇಳಲಾರೆ, ವರದಿ ಮಾಡಲು ಹಳ್ಳಿ ತಿರುಗುವವರಿಗೆ ಅದು ಗೊತ್ತಿದೆ. ಇನ್ನು ಬೋರ್‌ನಿಂದ ಬಂದ ಹೊಸ ಕಷ್ಟ, ಫ್ಲೋರೈಡ್ ಮತ್ತು ಬತ್ತುವ ಅಂತರ್ಜಲ, ಬೇರೆಯೇ ಒಂದು ಲೇಖನದ ಮಾತು.

ದೇಶದ ಕೊನೆಯ ನಾರುಹುಣ್ಣು 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಸಿಕ್ಕಿತು. ಮೂರು ವರ್ಷ ಕಾದು ನೋಡಿ, ಹೊಸದು ಬಾರದ್ದನ್ನು ಖಾತ್ರಿ ಮಾಡಿಕೊಂಡು, 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಮುಕ್ತ ಅಂತ ಘೋಷಿಸಿತು. ಒಂದೂ ಮಾತ್ರೆ ಇಲ್ಲದೆ, ಒಂದೂ ಲಸಿಕೆ ಇಲ್ಲದೆ ದೇಶದಿಂದ ಓಡಿಸಿದ ರೋಗ ಇದು.

ಈಗ ಮೂರ್ತಿಯವರ ಇನ್ನೊಂದು ಕೆಲಸದ ಮಾತು. ಅವರು ಮತ್ತು ಸ್ವೀಟ್ ನಾಯಿಗಳಿಗೆ ಮರಿ ಇರುವ ಸೈಕ್ಲಾಪ್ಸ್ ತಿನ್ನಿಸಿ, ನಾಯಿಯ ಮೈಯಲ್ಲೂ ಮನುಷ್ಯರ ನಾರು ಹುಳ ಬೆಳೆಯುತ್ತದೆ ಅಂತ 1938ರಲ್ಲಿ ಬರೆದಿದ್ದರು. ಮುಂದೆ ಬಹಳ ಕಾಲ ಅದನ್ನು ಯಾರೂ ಅಷ್ಟು ತಲೆಗೆ ಹಚ್ಚಿಕೊಳ್ಳಲಿಲ್ಲ. ನಾರು ಮನುಷ್ಯರ ರೋಗ, ಮನುಷ್ಯರಲ್ಲಿ ನಿಂತರೆ ಹುಳ ಮುಗಿಯಿತು ಅನ್ನುವ ನಂಬಿಕೆಯಲ್ಲಿ ಜಗತ್ತು ಹೊರಟಿತ್ತು. 1986ರಲ್ಲಿ ಪ್ರಪಂಚದಲ್ಲಿ 35 ಲಕ್ಷ ರೋಗಿಗಳಿದ್ದಾರೆ ಅಂತ ಅಂದಾಜಿತ್ತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇದನ್ನು ತನ್ನ ಕೆಲಸ ಮಾಡಿಕೊಂಡರು, ಕೊನೆಯ ಹುಳ ತನಗಿಂತ ಮೊದಲು ಸಾಯಬೇಕು ಅನ್ನುತ್ತಿದ್ದರು. ಸಂಖ್ಯೆ ಇಳಿದು ಇಳಿದು 2024ರಲ್ಲಿ ಇಡೀ ಪ್ರಪಂಚಕ್ಕೆ 15ಕ್ಕೆ ಬಂತು. ಆ ವರ್ಷದ ಡಿಸೆಂಬರ್‌ನಲ್ಲಿ ಕಾರ್ಟರ್ ನೂರು ವರ್ಷ ತುಂಬಿ ತೀರಿಕೊಂಡರು. ಹುಳ ಇನ್ನೂ ಉಳಿದಿತ್ತು.

ಉಳಿದದ್ದು ಎಲ್ಲಿ? ನಾಯಿಗಳಲ್ಲಿ. ಆಫ್ರಿಕಾದ ಚಾಡ್ ದೇಶದಲ್ಲಿ 2012ರಿಂದ ಈಚೆಗೆ ವರ್ಷ ವರ್ಷ ನಾಯಿಗಳ ಕಾಲಿನಲ್ಲಿ ನಾರು ಕಾಣಿಸಿತು. ಈಗ ಅಲ್ಲಿನ ಹಳ್ಳಿಗರು ಹುಳ ಬಿದ್ದ ನಾಯಿಯನ್ನು ಕಟ್ಟಿಹಾಕಿ ನೀರಿಗೆ ಇಳಿಯದಂತೆ ಕಾಯುತ್ತಾರೆ. ಚಿತ್ರದುರ್ಗದ ಬಾವಿಗಳ ಹಳೆಯ ಬರಹಗಳನ್ನು ವಿಜ್ಞಾನಿಗಳು ಮತ್ತೆ ತೆರೆದು ಓದುವ ಹಾಗಾಯಿತು.

ಇನ್ನು ಮೊದಲು ಎತ್ತಿದ ಅನುಮಾನ. ಬಾವಡಿ ತೆರೆದರೆ, ಕೆರೆ ತುಂಬಿದರೆ ನಾರು ತಿರುಗಿ ಬರುತ್ತದಾ? ಬರುವುದಿಲ್ಲ. ನಾರು ಬಾವಿಯಲ್ಲಿ ಹುಟ್ಟುವುದಿಲ್ಲ, ಹುಳ ಇರುವ ಕಾಲೊಂದು ನೀರಿಗೆ ಇಳಿಯಬೇಕು. ಅಂಥ ಕಾಲು ಈ ದೇಶದಲ್ಲಿ ಇಲ್ಲದೆ ಈಗ ಮೂವತ್ತು ವರ್ಷವಾಗುತ್ತಾ ಬಂತು. ಹಾಗಂತ ನಿಂತ ನೀರು ಸೋಸದೆ, ಕಾಯಿಸದೆ ಕುಡಿಯಬೇಡಿ. ವಾಂತಿ-ಭೇದಿ, ಕಾಮಾಲೆ ತರುವ ಬೇರೆ ರೋಗಾಣುಗಳಿಗೆ ದೇಶ ಬಿಟ್ಟು ಹೋಗಿ ಅಂತ ಯಾರೂ ಹೇಳಿಲ್ಲ. ಅವು ಬಟ್ಟೆಯಲ್ಲಿ ಸೋಸಿದರೆ ಹೋಗುವುದೂ ಇಲ್ಲ, ನೀರು ಕುದಿಯಬೇಕು.

ಸೈಕ್ಲಾಪ್ಸ್ ಮಾತ್ರ ನಮ್ಮ ಜೊತೆಗೇ ಇದೆ. ನಂಬಿಕೆ ಬಾರದಿದ್ದರೆ ತುಂಬಿದ ಕೆರೆಯ ಅಂಚಿನಲ್ಲಿ, ಪಾಚಿ ಇರುವ ಕಡೆ, ಒಂದು ಗಾಜಿನ ಲೋಟದಲ್ಲಿ ನೀರು ತೆಗೆದು ಬೆಳಕಿಗೆ ಹಿಡಿಯಿರಿ. ಮೊಬೈಲಿನ ಕ್ಯಾಮೆರಾ ಹತ್ತಿರ ಒಯ್ದು ದೊಡ್ಡದು ಮಾಡಿ. ಬಿಳಿ ಚುಕ್ಕೆಯೊಂದು ಟಪ್ ಅಂತ ಜಿಗಿದರೆ, ಬಹುಮಟ್ಟಿಗೆ ಅದೇ. ಮೂರ್ತಿಯವರು ವರ್ಷಗಟ್ಟಲೆ ಕಣ್ಣಿಟ್ಟು ನೋಡಿದ್ದು ಅದನ್ನೇ. ಈಗ ಅದರ ಹೊಟ್ಟೆಯಲ್ಲಿ ನಾರಿನ ಮರಿ ಇಲ್ಲ.